ಬೆಳೆಯ ಅಂಕಿಗಳನ್ನು ಚಿತ್ರವಾಗಿ ನೋಡುವ ಬಗೆ

ತಳಿಗಳ ಪರೀಕ್ಷೆಯ ವರದಿಗಳು ಗ್ರಾಮಗಳಿಗೆ ಬಂದಾಗ, ಅವುಗಳಲ್ಲಿರುವ ಅಂಕಿಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಕಡೆಯ ಸಾಲಿನ ಸರಾಸರಿಯನ್ನು ನೋಡಿ, ಹೆಚ್ಚು ಇಳುವರಿ ಕಂಡ ತಳಿಯ ಬೀಜವನ್ನು ತರಿಸುವುದೇ ವಾಡಿಕೆ. ಊರಿನ ಮುಖಂಡರೂ ದೊಡ್ಡ ಹಿಡುವಳಿದಾರರೂ ಒಂದು ತಳಿಯನ್ನು ಆರಿಸಿದರೆ ನೆರೆಹೊರೆಯವರು ಅದನ್ನೇ ಅನುಸರಿಸುವರಾದುದರಿಂದ, ಸರಾಸರಿಯನ್ನು ನಂಬಿ ಮೋಸಹೋದರೆ ನಷ್ಟವು ಒಂದು ಮನೆಗೆ ನಿಲ್ಲತಕ್ಕದ್ದಲ್ಲ. ಪಟ್ಟಿಯಲ್ಲಿ ಅಡಗಿರುವುದನ್ನು ಕಣ್ಣಿಗೆ ಕಾಣಿಸುವ ತಂತ್ರಾಂಶಗಳು ಈಗ ಕಂಪ್ಯೂಟರಿನಲ್ಲಿ ದೊರೆಯುತ್ತವೆ. ಅವುಗಳ ಉಪಯೋಗವನ್ನು ತಿಳಿಯುವುದಕ್ಕೆ ಅಮೆರಿಕಾ ದೇಶದ ಬಾರ್ಲಿ, ಅಂದರೆ ಜವೆಗೋಧಿಯ ವೃತ್ತಾಂತವೊಂದು ಬಹಳ ಯುಕ್ತವಾಗಿದೆ.

ಆ ದೇಶದ ಮಿನ್ನೆಸೋಟಾ ಸಂಸ್ಥಾನದಲ್ಲಿ 1931 ಮತ್ತು 1932ನೆಯ ಇಸವಿಗಳಲ್ಲಿ ಆರು ಸ್ಥಳಗಳಲ್ಲಿ ಹತ್ತು ತಳಿಗಳನ್ನು ಬೆಳೆದು ತೂಗಿದ ಲೆಕ್ಕವನ್ನು ಇಮ್ಮರ್, ಹೇಸ್, ಪವರ್ಸ್ ಎಂಬ ಮೂವರು 1934ರಲ್ಲಿ ಪ್ರಕಟಿಸಿದರು. ಒಟ್ಟು 120 ಅಂಕಿಗಳು. ಸಂಖ್ಯಾಶಾಸ್ತ್ರದಲ್ಲಿ ಪ್ರಸಿದ್ಧರಾದ ಆರ್. ಎ. ಫಿಷರರು 1935ರ ತಮ್ಮ ಗ್ರಂಥದಲ್ಲಿ ಇವುಗಳ ಒಂದು ಭಾಗವನ್ನು ಉದಾಹರಣೆಯಾಗಿ ತೆಗೆದುಕೊಂಡ ಮೇಲೆ, ಈ ಲೆಕ್ಕವು ವಿದ್ಯಾರ್ಥಿಗಳ ಪಾಠವೇ ಆಯಿತು. ಆರು ಸ್ಥಳಗಳನ್ನೂ ಕೂಡಿಸಿದರೆ 1931ರ ಸರಾಸರಿ ಎಕರೆಗೆ ಸುಮಾರು 37 ಬುಷೆಲ್. 1932ರದು 32ಕ್ಕಿಂತ ತುಸು ಕಡಮೆ. ಬಾರ್ಲಿಯ ಒಂದು ಬುಷೆಲ್ ಎಂದರೆ ಸುಮಾರು 22 ಕಿಲೋ. ಮೊದಲನೆಯ ವರ್ಷ ಬೆಳೆ ಚೆನ್ನಾಗಿ ಬಂದಿತು, ಎರಡನೆಯ ವರ್ಷ ಇಳಿಯಿತು ಎಂದು ಯಾರಾದರೂ ಹೇಳುವರು.

1993ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಎಂಬ ವಿದ್ವಾಂಸರು ಇದೇ ಲೆಕ್ಕವನ್ನು ಚಿತ್ರವಾಗಿ ಬರೆಯಿಸಿ ಪ್ರಕಟಿಸಿದರು. ಒಂದೊಂದು ಸ್ಥಳಕ್ಕೆ ಒಂದೊಂದು ಚಿಕ್ಕ ಚೌಕ. ಚೌಕದೊಳಗೆ ತಳಿಗೊಂದು ಸಾಲು. ಸಾಲಿನ ಮೇಲೆ ಇಳುವರಿಯ ಅಳತೆಯಷ್ಟು ದೂರಕ್ಕೆ ಚುಕ್ಕೆ. ಎರಡು ವರ್ಷಗಳಿಗೆ ಎರಡು ಬಗೆಯ ಗುರುತು. ಆರು ಚೌಕಗಳಿಗೂ ಒಂದೇ ಅಳತೆ. ಹೀಗೆ ಇಟ್ಟುನೋಡಿದೊಡನೆ ಮಾರಿಸ್ ಎಂಬ ಸ್ಥಳವು ಉಳಿದ ಐದಕ್ಕೆ ತಲೆಕೆಳಗಾಗಿ ಕಾಣಿಸಿತು. ವಾಸೆಕಾ ಎಂಬಲ್ಲಿ ಇಳುವರಿಯು 54ರಿಂದ 42ಕ್ಕೆ ಇಳಿದಿದ್ದರೆ, ಮಾರಿಸ್‌ನಲ್ಲಿ 29ರಿಂದ 41ಕ್ಕೂ ಮೇಲೆ ಏರಿತ್ತು. ಅದೂ ಒಂದೆರಡು ತಳಿಗಳಲ್ಲಿ ಅಲ್ಲ, ಹತ್ತರಲ್ಲಿಯೂ. ಬರೆಯುವಾಗ ಎರಡು ವರ್ಷಗಳ ಅಂಕಿಗಳು ಅದಲುಬದಲಾಗಿರಬೇಕೆಂದು ಕ್ಲೀವ್‌ಲ್ಯಾಂಡರು ಊಹಿಸಿದರು.

ಈ ಊಹೆಯನ್ನು ಬಹುಮಂದಿ ನಿಜವೆಂದೇ ತಿಳಿದರು. ಆದರೆ 2013ರಲ್ಲಿ ಕೆವಿನ್ ರೈಟ್ ಎಂಬವರು ಅದೇ ಸ್ಥಳಗಳ ಹತ್ತು ವರ್ಷಗಳ ಲೆಕ್ಕವನ್ನೂ ಹವೆಯ ದಾಖಲೆಗಳನ್ನೂ ಕೂಡಿಸಿ ಪರಿಶೀಲಿಸಿ, ಸ್ಥಳದಿಂದ ಸ್ಥಳಕ್ಕೆ ಇಂಥ ಏರಿಳಿತವು ಸಹಜವಾಗಿಯೇ ಆಗಬಹುದಾದುದರಿಂದ ಮಾರಿಸ್‌ನ ಅಂಕಿಗಳನ್ನು ತಪ್ಪೆನ್ನಬೇಕಾಗಿಲ್ಲವೆಂದು ತೋರಿಸಿದರು. ಒಂದು ಹೋಬಳಿಯಲ್ಲಿ ಮಳೆ ಸುರಿದು ಪಕ್ಕದ ಹೋಬಳಿ ಒಣಗುವುದನ್ನು ಕಂಡ ರೈತರಿಗೆ ಇದು ಆಶ್ಚರ್ಯವಲ್ಲವಷ್ಟೆ. ಚಿತ್ರವು ಸಂಶಯವನ್ನು ಎತ್ತಿ ತೋರಿಸಬಲ್ಲದು. ಅದನ್ನು ಪರಿಹರಿಸುವುದಕ್ಕೆ ಮತ್ತೆ ಹೊಲದ ದಾಖಲೆಯೇ ಬೇಕು.

ಇಂಥ ಚಿತ್ರಗಳನ್ನು ಬರೆಯುವ ತಂತ್ರಾಂಶವು ಮೊದಲು ಅಮೆರಿಕಾದ ಬೆಲ್ ಪ್ರಯೋಗಶಾಲೆಯಲ್ಲಿ, 1976ರಲ್ಲಿ ಪ್ರಾರಂಭವಾದ ‘ಎಸ್’ ಎಂಬ ಗಣಕಭಾಷೆಯಿಂದ ಬೆಳೆಯಿತು. ಅದರ ಮಾದರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ‘ಆರ್’ ಎಂಬುದನ್ನು ರಚಿಸಿದರು. ಇದಕ್ಕೆ ಕಾಸು ಕೊಡಬೇಕಾದುದಿಲ್ಲ. ಮೇಲೆ ಹೇಳಿದ ಚೌಕಗಳ ಚಿತ್ರವನ್ನು ಆರ್‌ನಲ್ಲಿ ಬರೆಯುವ ‘ಲ್ಯಾಟಿಸ್’ ಎಂಬ ಅಂಗವನ್ನು ನಿರ್ಮಿಸಿದವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೀಪಾಯನ್ ಸರ್ಕಾರ್. ಬಾರ್ಲಿಯ ಆ 120 ಅಂಕಿಗಳೂ ಅದರೊಡನೆಯೇ ಬರುತ್ತವೆ. ಆಜ್ಞೆಗಳನ್ನು ಬರೆದು ಕೆಲಸಮಾಡಿಸಬೇಕಾದುದರಿಂದ ಆರಂಭದಲ್ಲಿ ತುಸು ಕಷ್ಟವೆನಿಸುವುದು ನಿಜ. ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಇದು ದೊಡ್ಡ ಅಡಚಣೆಯಲ್ಲ. ಒಂದೆರಡು ಹೊಲಗಳ ಲೆಕ್ಕಕ್ಕಾದರೆ ಸಾಮಾನ್ಯವಾದ ಸ್ಪ್ರೆಡ್‌ಶೀಟ್ ಸಾಕು.

ಬೀಜ ಮಾರುವವರು ತೋರಿಸುವ ಚಿತ್ರಗಳ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಒಂದು ತಳಿ ಎಕರೆಗೆ 22 ಕ್ವಿಂಟಾಲ್, ಇನ್ನೊಂದು 23 ಕೊಟ್ಟಿತೆಂದು ಇಟ್ಟುಕೊಳ್ಳೋಣ. ಕಂಬಗಳ ಅಳತೆಯನ್ನು ಸೊನ್ನೆಯಿಂದ ಪ್ರಾರಂಭಿಸದೆ 21ರಿಂದ ಪ್ರಾರಂಭಿಸಿದರೆ, ಎರಡನೆಯ ಕಂಬವು ಮೊದಲನೆಯದರ ಇಮ್ಮಡಿ ಎತ್ತರವಾಗಿ ನಿಲ್ಲುವುದು. ಅಂಕಿ ಸುಳ್ಳಲ್ಲ, ಕಣ್ಣು ಮೋಸಹೋಗುವುದು. ಆದಕಾರಣ ಕಂಬದ ಬುಡದಲ್ಲಿರುವ ಅಂಕಿಯನ್ನು ಮೊದಲು ನೋಡತಕ್ಕದ್ದು.

ಸ್ವಂತ ಹೊಲಗಳ ಚಿತ್ರವನ್ನು ಬರೆಯಿಸಬೇಕೆನ್ನುವವರು ಸರಾಸರಿಗಳನ್ನು ಕೂಡಿಡದೆ, ಒಂದೊಂದು ಹೊಲಕ್ಕೆ ಒಂದೊಂದು ಸಾಲಿನಂತೆ ಸರ್ವೆ ನಂಬರು, ತಳಿ, ಬಿತ್ತಿದ ದಿನ, ವರ್ಷ, ಇಳುವರಿ ಇವುಗಳನ್ನು ಬೇರೆಬೇರೆ ಅಂಕಣಗಳಲ್ಲಿ ಬರೆದಿಡುವುದು ಒಳ್ಳೆಯದು. ಇಳುವರಿಯನ್ನು ಎಲ್ಲ ಸಾಲುಗಳಲ್ಲಿಯೂ ಒಂದೇ ಮಾನದಲ್ಲಿ, ಎಕರೆಗೆ ಇಷ್ಟೆಂದು, ಬರೆಯಬೇಕು. ಕೆಲವು ಕಡೆ ಚೀಲ, ಕೆಲವು ಕಡೆ ಕ್ವಿಂಟಾಲ್ ಎಂದಿದ್ದರೆ ಯಾವ ತಂತ್ರಾಂಶವೂ ತಾನಾಗಿ ಅದನ್ನು ಸರಿಪಡಿಸಲಾರದು.