ಔಷಧ ವಿಜ್ಞಾನದ ಉನ್ನತ ವ್ಯಾಸಂಗ

ವೈದ್ಯನಾಗಬೇಕೆಂಬ ಹಂಬಲವು ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಶಾಲೆಗಳ ಮಕ್ಕಳಲ್ಲಿ ಹೊಸದೇನಲ್ಲ. ಆದರೆ ಎಂ.ಬಿ.ಬಿ.ಎಸ್. ಮುಗಿದ ಮೇಲೆ ಮುಂದೇನು ಎಂದು ಕೇಳಿದರೆ ದೊರೆಯುವ ಉತ್ತರಗಳು ನಾಲ್ಕೈದೇ: ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವೈದ್ಯ, ಮೂಳೆಯ ವೈದ್ಯ. ಫಾರ್ಮಕಾಲಜಿ ಎಂಬ ಔಷಧ ವಿಜ್ಞಾನದ ಹೆಸರು ಆ ಮಾತಿನಲ್ಲಿ ಬರುವುದು ಅಪರೂಪ. ರೋಗಿಯ ಕೈ ಹಿಡಿದು ನಾಡಿ ನೋಡದವನು ಎಂಥ ವೈದ್ಯ ಎಂದು ಮನೆಯ ಹಿರಿಯರು ಕೇಳುವುದುಂಟು. ಪ್ರಶ್ನೆ ಸಹಜವೇ. ಅದಕ್ಕೆ ಉತ್ತರವಾದರೋ ಈ ಸೀಮೆಯ ಹೊಲ ತೋಟಗಳಲ್ಲಿಯೇ ಇದೆ.

ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್, ಆರ್ಗನೋಫಾಸ್ಫರಸ್ ಎಂಬ ವರ್ಗಕ್ಕೆ ಸೇರಿದ ಕೀಟನಾಶಕ. ಇಂಥ ವಿಷವು ಚರ್ಮದ ಮೂಲಕವಾಗಲಿ ಬಾಯಿಯ ಮೂಲಕವಾಗಲಿ ದೇಹವನ್ನು ಸೇರಿದಾಗ ಆಗುವುದಿಷ್ಟು: ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಒಸರಿ ಸಂದೇಶವನ್ನು ಮುಟ್ಟಿಸುತ್ತದೆ, ಕೆಲಸ ತೀರಿದೊಡನೆ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ವಿಷವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದಿಲ್ಲ. ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಅಟ್ರೋಪಿನ್ ಕೊಟ್ಟರೆ ಸ್ರಾವ ಒಣಗುತ್ತದೆ, ಹೃದಯದ ಬಡಿತ ಏರುತ್ತದೆ. ಆದರೆ ಸೋತ ಸ್ನಾಯುವಿಗೆ ಅದರಿಂದ ಬಲ ಬಾರದು. ಎಷ್ಟು ಕೊಡಬೇಕು, ಯಾವಾಗ ಸಾಕೆನ್ನಬೇಕು ಎಂಬುದೇ ಇಲ್ಲಿ ಜೀವ ಉಳಿಸುವ ವಿದ್ಯೆ. ಶ್ವಾಸಕೋಶ ತಿಳಿಯಾಗುವವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗಬೇಕಾಗುತ್ತದೆ. ಅತಿಯಾದರೆ ಅದೇ ಔಷಧ ರೋಗಿಯನ್ನು ಭ್ರಮೆಗೆ ದೂಡುತ್ತದೆ.

ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಬಲ್ಲ ಇನ್ನೊಂದು ಔಷಧ ಪ್ರಾಲಿಡಾಕ್ಸಿಮ್. ಇದರ ಕಥೆ ಸ್ವಾರಸ್ಯವಾದುದು. ಪುಣೆ ಜಿಲ್ಲೆಯ ಬಾರಾಮತಿಯೆಂಬ ತಾಲ್ಲೂಕು ಪಟ್ಟಣದ ಆಸ್ಪತ್ರೆಯೊಂದರಲ್ಲಿ 200 ರೋಗಿಗಳ ಮೇಲೆ ನಡೆಸಿದ ಅಧ್ಯಯನವು 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಟೆಗೊಂದು ಗ್ರಾಮಿನಂತೆ 48 ಗಂಟೆ ಔಷಧ ಪಡೆದವರಲ್ಲಿ ನೂರಕ್ಕೆ ಒಬ್ಬರು, ನಾಲ್ಕು ಗಂಟೆಗೊಮ್ಮೆ ಪಡೆದವರಲ್ಲಿ ನೂರಕ್ಕೆ ಎಂಟು ಮಂದಿ ಮರಣ ಹೊಂದಿದ್ದರು. ಔಷಧವೇ ದೊರೆಯಿತೆಂದು ಅನೇಕರು ಹರ್ಷಿಸಿದರು. ಆದರೆ 2009ರಲ್ಲಿ ಶ್ರೀಲಂಕಾದ 235 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅದೇ ಔಷಧದಿಂದ ಸಾವು ಕಡಿಮೆಯಾಗಲಿಲ್ಲ. ವಿಷದ ಜಾತಿ, ಸೇವಿಸಿದ ಪ್ರಮಾಣ, ಆಸ್ಪತ್ರೆಗೆ ತಲುಪಲು ಹಿಡಿದ ಹೊತ್ತು, ಔಷಧ ಕೊಟ್ಟ ಕ್ರಮ, ಇವುಗಳನ್ನು ತೂಗಿ ನೋಡದೆ ಒಂದನ್ನು ನಂಬಿ ಇನ್ನೊಂದನ್ನು ತಳ್ಳುವಂತಿಲ್ಲ. ಹೀಗೆ ತೂಗುವುದನ್ನು ಕಲಿಸುವುದೇ ಔಷಧ ವಿಜ್ಞಾನದ ಎಂ.ಡಿ. ವ್ಯಾಸಂಗ. ಲೋಕವೆಲ್ಲ ಚರ್ಚಿಸಿದ ಪ್ರಶ್ನೆಯೊಂದನ್ನು ಎತ್ತಿದ್ದು ಮಹಾನಗರವಲ್ಲ, ಅರಸೀಕೆರೆಯಂಥದೇ ಒಂದು ಊರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ವ್ಯಾಸಂಗದ ಅವಧಿ ಮೂರು ವರ್ಷ, ಪ್ರವೇಶಕ್ಕೆ ಎಂ.ಬಿ.ಬಿ.ಎಸ್. ಪದವಿಯೂ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯೂ ಬೇಕು. ಫಾರ್ಮಸಿ ಓದಿದವರು ಮಾಡುವ ಎಂ.ಫಾರ್ಮಾ ಬೇರೆ, ಇದು ಬೇರೆ. ಪೋಷಕರು ಎರಡನ್ನೂ ಬೆರೆಸಿಬಿಡುವುದೇ ಹೆಚ್ಚು. ವೈದ್ಯ ವಿದ್ಯಾರ್ಥಿಗೆ ಈ ವಿಷಯದ ಮೊದಲ ಪರಿಚಯವಾಗುವುದು ಎರಡನೆಯ ವರ್ಷದಲ್ಲಿ. ಜಿಲ್ಲೆಯ ಮಕ್ಕಳಿಗೆ ಆ ಅವಕಾಶವನ್ನು 2006ರಲ್ಲಿ ಸ್ಥಾಪನೆಯಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮನೆಯ ಬಾಗಿಲಿಗೇ ತಂದಿದೆ. ಸ್ನಾತಕೋತ್ತರ ವ್ಯಾಸಂಗಕ್ಕೆ ಅರಸೀಕೆರೆಯಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಬಹುದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಅಲ್ಲಿಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1984ರಲ್ಲಿ ತೆರೆದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜೂ ಇದೆ. ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯಗಳೊಡನೆ ಆರಂಭಿಸಿದ ವಿದ್ಯಾದಾಸೋಹವು ಅಲ್ಲಿಯವರೆಗೆ ಬೆಳೆಯಿತು. ಶರಣರ ನಡುವೆಯೂ ವೈದ್ಯ ಸಂಗಣ್ಣನಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಹಿಂದೆ ಕಪ್ಪೆಯ ಸ್ನಾಯು, ಮೊಲದ ಕಣ್ಣುಗಳ ಮೇಲೆ ಮಾಡುತ್ತಿದ್ದ ಪಾಠದ ಪ್ರಯೋಗಗಳನ್ನು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿ ತೋರಿಸುತ್ತಾರೆ. ಪ್ರಬಂಧ ರಚನೆ ಕಡ್ಡಾಯ. ಮುಂದಿನ ಉದ್ಯೋಗ ಹೆಚ್ಚಾಗಿ ಬೋಧನೆ, ಔಷಧ ಪರೀಕ್ಷೆ, ಔಷಧ ಕಂಪನಿಗಳ ಸಂಶೋಧನೆ. ಖಾಸಗಿ ಚಿಕಿತ್ಸಾಲಯದ ವರಮಾನ ಇದರಲ್ಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನೊಂದು ಕಾರ್ಯವುಂಟು. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ವೈದ್ಯಕೀಯ ಕಾಲೇಜುಗಳಲ್ಲಿ ಇದರ ಹೊಣೆ ಸಾಮಾನ್ಯವಾಗಿ ಈ ವಿಭಾಗದ್ದೇ. ಅಂಗಡಿಯಿಂದ ಕೊಂಡ ನೋವಿನ ಮಾತ್ರೆಯಿಂದ ಹಳೇಬೀಡಿನ ಮುದುಕಿಯೊಬ್ಬಳಿಗೆ ರಕ್ತವಾಂತಿಯಾದರೆ, ಅದು ಬರಿಯ ಹಣೆಬರಹವೆನಿಸಿಕೊಳ್ಳದೆ ಒಂದು ದಾಖಲೆಯಾಗುವುದು ಯಾರಾದರೂ ಆ ನಮೂನೆಯನ್ನು ತುಂಬಿ ಕಳುಹಿಸಿದಾಗ ಮಾತ್ರ.