ಮರಳುಗಲ್ಲೂ ನಮ್ಮ ಬಾವಿಯ ನೀರೂ

ಮರಳುಗಲ್ಲು ನೀರು ಹಿಡಿಯುವ ಕಲ್ಲೆಂದು ನಾವು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಅದು ಅರ್ಧ ಮಾತು. ಮರಳು ಮೇಲಣ ಭಾರಕ್ಕೆ ಒತ್ತಿಕೊಂಡು ಕಲ್ಲಾಗುವಾಗ ಕಣಗಳ ನಡುವೆ ಸಂದು ಉಳಿದರೆ ಮಾತ್ರ ಅದು ನೀರಿನ ಕಣಜ. ನೈವೇಲಿಯಲ್ಲಿ ಕಲ್ಲಿದ್ದಲಿನ ಕೆಳಗಣ ಕಡಲೂರು ಮರಳುಗಲ್ಲಿನ ನೀರು ಎಷ್ಟು ಒತ್ತುವುದೆಂದರೆ, ಅದನ್ನು ಹಗಲಿರುಳು ಎತ್ತದೆ ಗಣಿ ನಡೆಯದು. ಬಾದಾಮಿಯದೂ ಮರಳುಗಲ್ಲೇ; ಆದರೆ ಕಾಲಾಂತರದಲ್ಲಿ ಸಿಲಿಕಾ ಸಂದುಗಳಲ್ಲಿ ಬೆಳೆದು ಕಣಗಳನ್ನು ಬೆಸೆಯಿತು. ಕ್ರಿ.ಶ. 578ರಲ್ಲಿ ಗುಹಾಲಯ ಕೊರೆಸಿದ ಮಂಗಳೇಶನಿಗೆ ಅದು ಅನುಕೂಲ, ಬಾವಿ ತೋಡುವವನಿಗಲ್ಲ.

ನಮ್ಮ ಜೂಜುವಾಡಿಯಲ್ಲಿ ಮರಳುಗಲ್ಲೇ ಇಲ್ಲ. ಇಲ್ಲಿಯ ಗ್ರಾನೈಟು, ನೈಸುಗಳಿಗೆ ಹುಟ್ಟಿನಿಂದ ಸಂದಿಲ್ಲ. ಇಲ್ಲಿ ಮಾರ್ಪಾಡು ಸಂದನ್ನು ಮುಚ್ಚಲಿಲ್ಲ, ತೆರೆಯಿತು. ಬಿಸಿಲು ಮಳೆಗೆ ಶಿಥಿಲವಾದ ಮೇಲ್ಪದರ, ಅದರಡಿಯ ಬಿರುಕು, ನಮ್ಮ ನೀರು ಅಷ್ಟರಲ್ಲೇ. ಅದನ್ನು ದಾಟಿ, ಸಾಲ ಮಾಡಿ, ಗಟ್ಟಿ ಬಂಡೆಗೆ ಕೊಳವೆಬಾವಿ ಇಳಿಸುವ ರೈತನಿಗೆ ಬಿರುಕು ಸಿಕ್ಕರೆ ನೀರು, ಇಲ್ಲವಾದರೆ ಧೂಳು.