ಕುಂಕುಮದ ಹದ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರ ಮನೆಯಲ್ಲಿ ಮರುದಿನ ಬಟ್ಟೆ ಒಗೆಯುವುದು ದೊಡ್ಡ ಕೆಲಸ. ಉಧೋ ಉಧೋ ಎನ್ನುತ್ತ ಎರಚಿದ ಭಂಡಾರ, ಅಂದರೆ ಅರಿಷಿಣದ ಪುಡಿ, ಅಂಗಿ, ಧೋತರ, ಸೀರೆಯ ಸೆರಗು ಯಾವುದನ್ನೂ ಬಿಟ್ಟಿರುವುದಿಲ್ಲ. ಹಳದಿ ಕಲೆಯ ಮೇಲೆ ಸಾಬೂನು ತಿಕ್ಕಿದ ಕೂಡಲೇ ಅದು ಕೆಂಪಾಗುತ್ತದೆ. ಚೆನ್ನಾಗಿ ಜಾಲಾಡಿಸಿದರೆ ಮತ್ತೆ ಹಳದಿ. ಬಿಸಿಲಿಗೆ ಹರವಿದರೆ ಮೆಲ್ಲಗೆ ಮಾಸುತ್ತ ಹೋಗುತ್ತದೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಹೆಣ್ಣುಮಕ್ಕಳೆಲ್ಲ ಇದನ್ನು ಕಂಡವರೇ. ಮನೆಯಲ್ಲೇ ಕುಂಕುಮ, ಸಾಬೂನು, ಮುಖಲೇಪ ಮಾಡಹೊರಟವರಿಗೆ ಬೇಕಾದ ಪಾಠದ ಬಹುಪಾಲು ಈ ಕಲೆಯಲ್ಲೇ ಇದೆ. ಅರಿಷಿಣ ಕ್ಷಾರಕ್ಕೆ ಕೆಂಪಾಗುತ್ತದೆ, ಕ್ಷಾರ ಹೋದರೆ ಹಳದಿಗೆ ಮರಳುತ್ತದೆ, ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ.

ಈ ಸೀಮೆಯಲ್ಲಿ ಚರ್ಮಕ್ಕೆ ಹಚ್ಚುವ ವಸ್ತುಗಳ ಮಾತು ಗುಡ್ಡದಿಂದಲೇ ಶುರುವಾಗಬೇಕು. ಅಲ್ಲಿನ ಹೊಂಡಗಳ ಹೆಸರುಗಳೇ ಎಣ್ಣೆ, ಅರಿಷಿಣ, ಕುಂಕುಮ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗಿನ ಜಾತ್ರೆಯ ದಿನಗಳಲ್ಲಿ ದಾರಿಯ ಎರಡೂ ಬದಿಗೆ ಭಂಡಾರ, ಕುಂಕುಮದ ರಾಶಿಗಳು ಗೋಪುರದಂತೆ ಏರಿರುತ್ತವೆ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣದಿಂದ ಬಂದ ಭಕ್ತರು ಪೊಟ್ಟಣ ಕಟ್ಟಿಸಿಕೊಂಡು ಒಯ್ದು, ಮನೆಮಂದಿಯ ಹಣೆಗೆಲ್ಲ ಹಚ್ಚುತ್ತಾರೆ. ಕೂಸಿನಿಂದ ಮುದುಕಿಯವರೆಗೆ ಎಲ್ಲರ ಮೈಗೂ ತಾಗುವ, ಗಂಟೆಗಟ್ಟಲೆ ಹಣೆಯ ಮೇಲೆ ಉಳಿಯುವ ವಸ್ತು ಅದು. ಅದರಲ್ಲಿ ಏನಿದೆ ಎಂಬ ಪ್ರಶ್ನೆ ಯಾವ ಕ್ರೀಮಿನ ಪ್ರಶ್ನೆಗಿಂತಲೂ ಮೊದಲು ಕೇಳಬೇಕಾದದ್ದು.

ಮನೆಯಲ್ಲಿ ಕುಂಕುಮ ಮಾಡುವ ಪದ್ಧತಿ ಹಳೆಯದು. ಮನೆಯಿಂದ ಮನೆಗೆ ತೂಕ ತುಸು ಬದಲಾಗುತ್ತದೆ. ಒಂದು ಕಿಲೊ ಅರಿಷಿಣ ಕೊಂಬಿಗೆ ಸುಮಾರು 80ರಿಂದ 100 ಗ್ರಾಂ ಬಿಳಿಗಾರ, 10 ಗ್ರಾಂ ಪಟಿಕ, ಮುಕ್ಕಾಲು ಲೀಟರಿನಷ್ಟು ನಿಂಬೆರಸ ಎಂಬುದು ಸಾಮಾನ್ಯ ಲೆಕ್ಕ. ಕೊಂಬನ್ನು ಕುಟ್ಟಿ ಸಣ್ಣ ಚೂರು ಮಾಡಬೇಕು. ಬಿಳಿಗಾರ, ಪಟಿಕಗಳನ್ನು ಸೋಸಿದ ನಿಂಬೆರಸದಲ್ಲಿ ಕರಗಿಸಿ ಚೂರುಗಳಿಗೆ ಬೆರೆಸಬೇಕು. ರಸವೆಲ್ಲ ಹೀರುವ ತನಕ ದಿನಕ್ಕೆ ಎರಡು ಮೂರು ಸಲ ಕೈಯಾಡಿಸಬೇಕು. ಆಮೇಲೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ, ಕೊನೆಗೆ ಕೆಲವೇ ಹನಿ ಎಣ್ಣೆ ಅಥವಾ ತುಪ್ಪ ಸವರಿ ತಿಕ್ಕಿದರೆ ಬಣ್ಣ ಎದ್ದು ಬರುತ್ತದೆ.

ಇಷ್ಟೆಲ್ಲ ಯಾಕೆ, ಅರಿಷಿಣಕ್ಕೆ ಸುಣ್ಣ ಬೆರೆಸಿದರೂ ಕೆಂಪಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಆ ಕೆಂಪು ನಿಲ್ಲುವುದಿಲ್ಲ. ಅರಿಷಿಣದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅನ್ನು 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಬೇರ್ಪಡಿಸಿದರು. ಅದು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆರತಿಯ ತಟ್ಟೆಯ ಓಕುಳಿ ನೀರು ಕೆಂಪಾಗುವುದು ಹೀಗೆಯೇ. ಆರತಿಗೆ ಅಷ್ಟು ಸಾಕು. ಕುಂಕುಮಕ್ಕೆ ಸಾಲದು, ಏಕೆಂದರೆ ಮನುಷ್ಯನ ಬೆವರು, ಚರ್ಮ ಎರಡೂ ತುಸು ಆಮ್ಲೀಯ. ಸುಣ್ಣದ ಕುಂಕುಮ ಹಣೆಯ ಮೇಲೆ ಹಳದಿಗೆ ತಿರುಗಬಹುದು, ಡಬ್ಬಿಯಲ್ಲಿ ದಿನ ಕಳೆದಂತೆ ಕಂದಾಗುತ್ತದೆ. ಸುಣ್ಣ ಹೆಚ್ಚಾದರೆ ಚರ್ಮ ಉರಿಯುತ್ತದೆ.

ಬಿಳಿಗಾರದ ದಾರಿಯೇ ಬೇರೆ. ಅದು ಬೋರಾನಿನ ಲವಣ. ನಿಂಬೆಯ ಹುಳಿ ಸೇರಿದಾಗ ಬೋರಿಕ್ ಆಮ್ಲವಾಗಿ, ಒಣಗುತ್ತ ಹೋದಂತೆ ಕರ್ಕ್ಯುಮಿನ್ ಜೊತೆ ಕೂಡಿಕೊಂಡು ರೋಸೊಸಯನಿನ್ ಬಗೆಯ ಗಾಢ ಕೆಂಪು ವಸ್ತುವಾಗುತ್ತದೆ. ಯಾವುದೋ ಪದಾರ್ಥದಲ್ಲಿ ಬೋರಾನ್ ಇದೆಯೇ ಎಂದು ತಿಳಿಯಲು ರಸಾಯನ ಪ್ರಯೋಗಾಲಯಗಳು ಅರಿಷಿಣದ ಕಾಗದ ಬಳಸುತ್ತಿದ್ದುದೂ ಇದೇ ಗುಣದಿಂದ. ಈ ಕೆಂಪು ಹುಳಿಗೆ ಬಗ್ಗುವುದಿಲ್ಲ. ಹೆಸರು ಗೊತ್ತಿಲ್ಲದೆಯೂ ಅಜ್ಜಿಯರು ಆರಿಸಿಕೊಂಡ ಈ ಮಾರ್ಗ ಮೆಚ್ಚಿ ತಲೆದೂಗುವಂಥದ್ದು.

ಹಾಗಿದ್ದೂ ಮನೆಯ ಕುಂಕುಮ ಕೆಡುವುದುಂಟು, ಹೊಸಬರ ಕೈಯಲ್ಲಿ ಹೆಚ್ಚು. ರಸ ಬೆರೆಸಿದ ಕೂಡಲೇ ಒಳ್ಳೇ ಕೆಂಪು ಬಂತು ಎಂದು ಹಿಗ್ಗಿದರೆ ಅಲ್ಲೇ ಮೋಸ. ಬಿಳಿಗಾರ ತಾನೇ ಕ್ಷಾರ. ನಿಂಬೆ ಕಡಿಮೆಯಾದರೆ ಅದು ಸುಣ್ಣದಂತೆ ವರ್ತಿಸಿ ತಕ್ಷಣದ ಕೆಂಪು ಕೊಡುತ್ತದೆ, ವಾರ ಕಳೆಯುವಷ್ಟರಲ್ಲಿ ಇಟ್ಟಂಗಿಯ ಬಣ್ಣಕ್ಕಿಳಿಯುತ್ತದೆ. ನಿಜವಾದ ಕೆಂಪು ಒಣಗುವಾಗ ಬರುವಂಥದ್ದು. ರಸ ಸಾಲದೆ ಬಂದಾಗ ನೀರು ಬೆರೆಸುವುದು ಎರಡನೆಯ ತಪ್ಪು. ಈ ಎರೆಮಣ್ಣಿನ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಸವುಳು ನೀರು. ಅದರ ಕ್ಷಾರ ನಿಂಬೆಯ ಹುಳಿಯನ್ನು ಅಷ್ಟರ ಮಟ್ಟಿಗೆ ತಿಂದುಹಾಕುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಭಾಗದ ತೆಳುಸಿಪ್ಪೆಯ ಹುಳಿ ನಿಂಬೆ ಪೇಟೆಗೆ ಬರುವಾಗ ಎರಡು ಹಣ್ಣು ಹೆಚ್ಚೇ ಹಿಂಡಿಕೊಳ್ಳುವುದು ಮೇಲು.

ಪಾತ್ರೆಯ ವಿಷಯಕ್ಕೂ ಬರಬೇಕು. ಕಬ್ಬಿಣದ ಬುಟ್ಟಿಯಲ್ಲಿ ಕಲಸಿದರೆ ಹುಳಿಗೆ ಕಬ್ಬಿಣ ಬಿಟ್ಟುಕೊಂಡು ಬಣ್ಣ ಕಪ್ಪಡರುತ್ತದೆ. ತಾಮ್ರ, ಅಲ್ಯುಮಿನಿಯಂ ಕೂಡ ಸಲ್ಲ. ಪಿಂಗಾಣಿ ಭರಣಿ, ಗಾಜು, ಒಳ್ಳೆಯ ಸ್ಟೀಲು ನಡೆಯುತ್ತವೆ. ಬೇಗ ಒಣಗಲಿ ಎಂದು ಮಾಳಿಗೆಯ ಬಿಸಿಲಿಗೆ ಹಾಕಿದರೆ ಬಟ್ಟೆಯ ಕಲೆಗಾದ ಗತಿಯೇ ಕುಂಕುಮಕ್ಕೂ. ಪೂರ್ತಿ ಒಣಗುವ ಮೊದಲೇ ಡಬ್ಬಿ ಮುಚ್ಚಿದರೆ ಬೂಸರು.

ಅರಿಷಿಣದ ಆಯ್ಕೆಯಲ್ಲೂ ಎಡವುವವರು ಬಹಳ. ಮುಖಕ್ಕೆ ಒಳ್ಳೆಯದೆಂದು ಕೇಳಿ ಕಸ್ತೂರಿ ಅರಿಷಿಣ ತಂದು ಕುಂಕುಮಕ್ಕೆ ಹಾಕಿದರೆ ರಂಗು ಬರುವುದಿಲ್ಲ. ಅದರಲ್ಲಿ ಕರ್ಕ್ಯುಮಿನ್ ತೀರ ಕಡಿಮೆ. ಮುಖಕ್ಕೆ ಹಚ್ಚಿದರೆ ಹಳದಿ ಹಿಡಿಯದಿರಲು ಕಾರಣವೂ ಅದೇ. ಕುಂಕುಮಕ್ಕೆ ಬೇಕಾದದ್ದು ಅಡುಗೆಯ ಅರಿಷಿಣ. ಬೆಳಗಾವಿ ಜಿಲ್ಲೆಯಲ್ಲೂ ಅದನ್ನು ಬೆಳೆಯುತ್ತಾರೆ, ಗಡಿಯಾಚೆಗೆ ಸಾಂಗ್ಲಿಯ ದೊಡ್ಡ ಪೇಟೆಯಿದೆ. ಸಾಂಗ್ಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪುಡಿ ಕೊಳ್ಳದೆ ಕೊಂಬು ಕೊಳ್ಳಬೇಕು, ಅದರಲ್ಲೂ ಮಿರಿಮಿರಿ ಹೊಳೆಯದ, ಪಾಲಿಶ್ ಮಾಡದ ಕೊಂಬು. ಹೊಳಪಿಗಾಗಿ ಸೀಸದ ಕ್ರೋಮೇಟ್ ಬಳಿಯುವ ಕೆಟ್ಟ ಚಾಳಿ ದಕ್ಷಿಣ ಏಷ್ಯಾದ ಹಲವೆಡೆ ಪತ್ತೆಯಾಗಿದೆ.

ಜಾತ್ರೆಯಲ್ಲಿ ಕೊಂಡ ಕುಂಕುಮವನ್ನು ಒಂದಿಷ್ಟು ಮಟ್ಟಿಗೆ ಮನೆಯಲ್ಲೇ ಪರೀಕ್ಷಿಸಬಹುದು. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಬಿಟ್ಟಾಗ ಹಳದಿಗೆ ತಿರುಗಿದರೆ ಅದು ಸುಣ್ಣದ್ದು. ಕೆಂಪಾಗಿಯೇ ಉಳಿದರೆ ಬಿಳಿಗಾರದ್ದಿರಬಹುದು, ಹಿಟ್ಟಿಗೆ ಕಾರ್ಖಾನೆಯ ಬಣ್ಣ ಕಲಸಿದ್ದೂ ಇರಬಹುದು. ಆಗ ಇನ್ನೊಂದು ಚಿಟಿಕೆಗೆ ಸುಣ್ಣದ ತಿಳಿನೀರು ಬಿಡಬೇಕು. ಬಿಳಿಗಾರದ ಕುಂಕುಮ ಕಪ್ಪು ಛಾಯೆಗೆ ಹೊರಳುತ್ತದೆ. ಏನೂ ಬದಲಾಗದೆ ಎರಡರಲ್ಲೂ ಒಂದೇ ಕೆಂಪು ಉಳಿದರೆ, ಅಥವಾ ಲೋಟದ ನೀರಿಗೆ ಉದುರಿಸಿದಾಗ ನೀರು ಗುಲಾಬಿಯಾಗಿ ಹರಡಿದರೆ, ಅದರಲ್ಲಿ ಅರಿಷಿಣವನ್ನು ಹುಡುಕಿ ಫಲವಿಲ್ಲ.

ಸೀಸ ಮಾತ್ರ ಇಂಥ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಕೇಸರಿಗೆಂಪು ಸಿಂಧೂರದಲ್ಲಿ ಸೀಸದ ಆಕ್ಸೈಡ್ ಬಳಸುವ ರೂಢಿ ಹಿಂದಿನಿಂದಲೂ ಇದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿ, ಮುಂಬೈ, ದೆಹಲಿಗಳಲ್ಲಿ ಕೊಂಡ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಐದರಲ್ಲಿ ನಾಲ್ಕರಷ್ಟು ಮಾದರಿಗಳಲ್ಲಿ ಸೀಸವಿತ್ತು. ಪುಟ್ಟ ಮಕ್ಕಳ ಬೆರಳು ಹಣೆಯಿಂದ ಬಾಯಿಗೆ ಹೋಗುವುದು ಗೊತ್ತಿರುವ ಸಂಗತಿ. ಕುಂಕುಮ ಎಂದುಕೊಂಡು ಸಿಂಧೂರ ಹಚ್ಚುವ ಮನೆಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮಕ್ಕಳ ವಿಷಯದಲ್ಲಿ ಬಿಳಿಗಾರದ ಕುಂಕುಮಕ್ಕೂ ಒಂದು ಮಿತಿಯುಂಟು. ಬೋರಾನ್ ಕೂಸುಗಳಿಗೆ, ಗಾಯವಾದ ಚರ್ಮಕ್ಕೆ ಸಲ್ಲದು. ಕೂಸಿನ ಹಣೆಗೆ ಬರಿಯ ಅರಿಷಿಣದ ಬೊಟ್ಟೇ ಸಾಕು.

ಹಣೆ ತುರಿಸುವುದು, ಕಪ್ಪಾಗುವುದು ಹೆಚ್ಚಾಗಿ ಅಜೋ ಎಂಬ ಕಾರ್ಖಾನೆಯ ಬಣ್ಣಗಳಿಂದ ಮತ್ತು ಸುಗಂಧದಿಂದ. ಅಂಟಿಸುವ ಟಿಕಳಿಯಿಂದ ಹಣೆಯಲ್ಲಿ ಬಿಳಿ ಮಚ್ಚೆ ಮೂಡಿದ ಪ್ರಕರಣಗಳನ್ನು ಭಾರತದ ಚರ್ಮವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ಅದಕ್ಕೆ ಕಾರಣ ಗೋಂದಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್. ಹಿಂದಿನವರು ಹಣೆಗೆ ಜೇನುಮೇಣ ತೀಡಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ಪುಡಿ ಉದುರುತ್ತಿರಲಿಲ್ಲ, ಚರ್ಮಕ್ಕೂ ನೇರವಾಗಿ ತಾಗುತ್ತಿರಲಿಲ್ಲ. ಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ರಾಮದುರ್ಗದ ಏಪ್ರಿಲ್ ಬಿಸಿಲಿಗೂ ಅದು ಜಾರುವುದಿಲ್ಲ. ಕೊಬ್ಬರಿ ಎಣ್ಣೆ ಸೇರಿಸಿ ತುಟಿಗೆ ಮುಲಾಮು ಮಾಡುವವರು ಚಳಿಗಾಲದ ಪ್ರಮಾಣವನ್ನೇ ಬೇಸಿಗೆಯಲ್ಲೂ ಹಾಕಿದರೆ ಡಬ್ಬಿಯಲ್ಲಿ ಎಣ್ಣೆಯೇ ನಿಲ್ಲುತ್ತದೆ. ಮೇಣವನ್ನು ಒಂದು ಪಾಲು ಹೆಚ್ಚಿಸಬೇಕು, ಇಲ್ಲವೇ ಘಟ್ಟದ ಕಡೆಯ ಮುರುಗಲು ತುಪ್ಪ ಸೇರಿಸಬೇಕು.

ಈಚೆಗೆ ಸ್ವಸಹಾಯ ಸಂಘದ ಮಹಿಳೆಯರಿಗೂ ಕಾಲೇಜು ಹುಡುಗಿಯರಿಗೂ ಸಾಬೂನು ಮಾಡುವ ಹುಮ್ಮಸ್ಸು ಬಂದಿದೆ. ಅರಿಷಿಣ ಹಾಕಿದ ಹಳದಿ ಸಾಬೂನು ಬೇಕೆಂದು ಹೊರಟವರಿಗೆ ಸಿಗುವುದು ಕಾವಿ ಬಣ್ಣದ ಬಿಲ್ಲೆ. ಸಾಬೂನು ಕ್ಷಾರವಾದ್ದರಿಂದ ಅದು ಹಾಗೇ ಆಗಬೇಕು, ಮಾಡಿದವರ ಕೈ ತಪ್ಪಿಲ್ಲ. ಎಣ್ಣೆಯ ಲೆಕ್ಕ ಮಾತ್ರ ತಪ್ಪಬಾರದು. ಒಂದು ಕಿಲೊ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಅಷ್ಟೇ ಕುಸುಬಿ ಎಣ್ಣೆಗೆ 136 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಅಳತೆಯನ್ನು ಕುಸುಬಿ ಎಣ್ಣೆಗೆ ಹಾಕಿದರೆ ಉಳಿದ ಸೋಡಾ ಮೈ ಸುಡುತ್ತದೆ. ಅದಕ್ಕೇ ಲೆಕ್ಕಕ್ಕಿಂತ ಶೇಕಡಾ 5ರಷ್ಟು ಕಡಿಮೆ ಸೋಡಾ ಹಾಕುವುದು ರೂಢಿ.

ಸವದತ್ತಿ, ರಾಮದುರ್ಗದ ಎರೆಹೊಲಗಳ ಕುಸುಬಿ ಇಲ್ಲಿನ ಹೆಮ್ಮೆ. ಗಾಣದಿಂದ ಇಳಿದ ಹೊಸ ಎಣ್ಣೆ ಮೈಗೆ ಹಗುರ, ಜಿಡ್ಡು ಕಡಿಮೆ. ಅದರ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ, ಗಾಳಿ ತಾಗಿದರೆ ಬೇಗ ಕಮಟುವಂಥದ್ದು. ಅದೇ ಹೆಚ್ಚಾಗಿರುವ ಸಾಬೂನು ಮೆತ್ತಗಿರುತ್ತದೆ, ಕೆಲವು ತಿಂಗಳಲ್ಲಿ ಕಿತ್ತಳೆ ಚುಕ್ಕೆ ಏಳುತ್ತವೆ. ಕುಸುಬಿಯನ್ನು ಐದರಲ್ಲೊಂದು ಪಾಲಿಗೆ ಇಳಿಸಿ ಕೊಬ್ಬರಿ, ಶೇಂಗಾ ಎಣ್ಣೆ ಕೂಡಿಸಿದರೆ ಗಟ್ಟಿ ಬಿಲ್ಲೆ ಸಿಗುತ್ತದೆ. ಕುಂಕುಮಕ್ಕೆ ಕೊನೆಯಲ್ಲಿ ಸವರಲು ಕುಸುಬಿಗಿಂತ ಎಳ್ಳೆಣ್ಣೆ ಅಥವಾ ಔಡಲೆಣ್ಣೆ ಬಾಳಿಕೆ ಬರುತ್ತದೆ.

ನೀರು ಸೇರುವ ಲೇಪಗಳದು ಬೇರೆಯೇ ತಾಪತ್ರಯ. ಒಣ ಕುಂಕುಮ ವರ್ಷಗಟ್ಟಲೆ ಇರುತ್ತದೆ, ಲೋಳೆಸರದ ತಿರುಳು ನಾಲ್ಕು ದಿನವೂ ಇರುವುದಿಲ್ಲ. ವಿಟಮಿನ್ ಇ ಗುಳಿಗೆ ಒಡೆದು ಹಾಕಿದರೆ ಕೆಡದು ಎಂಬ ನಂಬಿಕೆ ತಪ್ಪು. ಅದು ಎಣ್ಣೆ ಕಮಟುವುದನ್ನು ತಡೆದೀತು, ಸೂಕ್ಷ್ಮಾಣುಗಳನ್ನು ತಡೆಯದು. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡಬೇಕಾದರೆ ಲೇಪ ಹುಳಿಯಾಗಿರಬೇಕು. ಈ ತೂಗಾಟ ಬೇಡವೆನ್ನುವವರಿಗೆ ಹೆಸರುಹಿಟ್ಟು, ಕಡಲೆಹಿಟ್ಟು, ಸೀಗೆಪುಡಿಗಳನ್ನು ಒಣಗಿಸಿಟ್ಟು ಆಯಾ ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳುವ ಹಳೆಯ ಕ್ರಮವೇ ಸರಿ. ಮುಖಕ್ಕೆ ನಿಂಬೆರಸ ಹಚ್ಚಿ ಹೊಲಕ್ಕೆ ಹೋಗುವುದಂತೂ ಬೇಡವೇ ಬೇಡ. ನಿಂಬೆಯಲ್ಲಿರುವ ಫ್ಯುರೊಕೌಮರಿನ್ ಬಿಸಿಲು ಬಿದ್ದರೆ ಚರ್ಮವನ್ನು ಸುಟ್ಟಂತೆ ಕಪ್ಪಾಗಿಸುತ್ತದೆ. ಹೊಸದಾಗಿ ಮಾಡಿದ ಯಾವುದನ್ನೇ ಆಗಲಿ ಮೊಣಕೈ ಒಳಭಾಗಕ್ಕೆ ಒಂದು ವಾರ ದಿನಾ ಹಚ್ಚಿ ನೋಡಿ, ತುರಿಕೆ ಏಳದಿದ್ದರೆ ಮಾತ್ರ ಮುಖಕ್ಕೆ.

ಮನೆಬಳಕೆ ಮೀರಿ ಮಾರಾಟಕ್ಕೆ ಇಳಿಯುವವರಿಗೆ ಕಾನೂನಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಬಂದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಗೆ ರಾಜ್ಯದ ಪರವಾನಗಿ ಬೇಕು. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ಕುಂಕುಮಕ್ಕೂ ಕಾಡಿಗೆಗೂ ಬಿಐಎಸ್ ಮಾನದಂಡಗಳಿವೆ. ಚೀಟಿಯ ಮೇಲೆ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಒಳಗಿನ ಪದಾರ್ಥಗಳ ಪಟ್ಟಿ ಇರಬೇಕು. ಅಕ್ಟೋಬರಿನ ಕಿತ್ತೂರು ಉತ್ಸವಕ್ಕೋ ಹೊಸ್ತಿಲ ಹುಣ್ಣಿಮೆಗೋ ಮಳಿಗೆ ಹಾಕುವ ಆಸೆಯಿದ್ದವರು ಬೇಸಿಗೆಯಲ್ಲೇ ಕೆಲಸ ಹಿಡಿಯಬೇಕು. ಹೊಸ ಅರಿಷಿಣ ಪೇಟೆಗೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಅದನ್ನು ಕೊಂಡು ಮಳೆ ಹಿಡಿಯುವ ಮುಂಚೆ ನೆರಳಲ್ಲಿ ಒಣಗಿಸಿಟ್ಟರೆ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು, ಪರವಾನಗಿಯ ಅರ್ಜಿ ಹಾಕಲು ಮಳೆಗಾಲದ ತಿಂಗಳುಗಳು ಕೈಯಲ್ಲಿರುತ್ತವೆ.